ಕ್ರಿಯಾಟಿನಿನ್ 0.8, ಶುಗರ್ ಕಾಯಿಲೆ ಇಲ್ಲ. ಆದರೂ ಕಿಡ್ನಿಗೆ ಪೆಟ್ಟು ಬಿದ್ದಿದೆ ಅಂದರೆ ಹೇಗೆ?

ಗಲ್ಲಾದವ, ಡೊಂಬಿವಲಿ

ಎಲ್ಲರಿಗೂ ನಮಸ್ಕಾರ. ವಯಸ್ಸು 44. ಊರು ಕುಂದಾಪುರದ ಹತ್ತಿರ. ಮಾವನ ಹೋಟೆಲಿನಲ್ಲಿ ಗಲ್ಲಾ ನೋಡಿಕೊಳ್ಳುತ್ತೇನೆ. ಹೋಟೆಲ್ ಘಾಟ್ಕೋಪರ್‌ನಲ್ಲಿ, ಮನೆ ಡೊಂಬಿವಲಿಯಲ್ಲಿ. ಬೆಳಗಿನ ಪಾಳಿ ಇದ್ದರೆ ಕತ್ತಲಲ್ಲೇ ಲೋಕಲ್ ಹಿಡಿಯಬೇಕು. ರಾತ್ರಿ ಪಾಳಿ ಇದ್ದರೆ ಲೆಕ್ಕ ಮುಗಿಸಿ ಮನೆ ಸೇರುವಾಗ ಹನ್ನೆರಡೂವರೆ, ಒಂದು. ನಡುವೆ ಪೂರ್ತಿ ಕುರ್ಚಿ.

ಇನ್ಶೂರೆನ್ಸ್ ಪಾಲಿಸಿಗೆ ಅಂತ ಟೆಸ್ಟ್ ಮಾಡಿಸಿದೆ. ಬಿಪಿ ಜಾಸ್ತಿ ಬಂತು ಅಂತ ಡಾಕ್ಟರ್ ಹತ್ತಿರ ಹೋದೆ, ಅವರು ಇನ್ನೂ ಒಂದಷ್ಟು ಬರೆದುಕೊಟ್ಟರು. ರಿಪೋರ್ಟ್ ಹೀಗಿದೆ. ಎತ್ತರ 168 ಸೆಂ.ಮೀ., ತೂಕ 91 ಕೆ.ಜಿ., ಹೊಟ್ಟೆಯ ಸುತ್ತಳತೆ 108 ಸೆಂ.ಮೀ. ಬಿಪಿ 142/90. ಬರೀ ಹೊಟ್ಟೆಯ ಶುಗರ್ 112, ಮೂರು ತಿಂಗಳ ಸರಾಸರಿ ಶುಗರ್ ತೋರಿಸುವ ಎಚ್‌ಬಿಎ1ಸಿ 6.1. ರಕ್ತದ ಕೊಬ್ಬು, ಅಂದರೆ ಟ್ರೈಗ್ಲಿಸರೈಡ್, 236. ಒಳ್ಳೆಯ ಕೊಲೆಸ್ಟರಾಲ್ ಅನ್ನುವ ಎಚ್‌ಡಿಎಲ್ 36. ಯೂರಿಕ್ ಆಸಿಡ್ 8.1. ಸ್ಕ್ಯಾನಿಂಗ್‌ನಲ್ಲಿ ಫ್ಯಾಟಿ ಲಿವರ್, ಕಿಡ್ನಿಗಳ ಗಾತ್ರ ನಾರ್ಮಲ್. ಕ್ರಿಯಾಟಿನಿನ್ (ಕಿಡ್ನಿ ಸೋಸಿ ಹಾಕಬೇಕಾದ ರಕ್ತದ ಕಸ) 0.8, ಇಜಿಎಫ್‌ಆರ್ (ಕಿಡ್ನಿ ನಿಮಿಷಕ್ಕೆ ಎಷ್ಟು ಸೋಸುತ್ತದೆ ಅನ್ನುವ ಅಂದಾಜು) 112. ಮಾಮೂಲಿ ಮೂತ್ರ ಪರೀಕ್ಷೆಯಲ್ಲಿ ಪ್ರೋಟೀನ್ ‘ನಿಲ್’. ಆದರೆ ಮೂತ್ರದ ಎಸಿಆರ್ ಅಂತ ಬೇರೆ ಒಂದು ಟೆಸ್ಟ್ ಇದೆಯಂತೆ, ಅದರಲ್ಲಿ 86.

ಡಾಕ್ಟರ್ ಹೇಳಿದ್ದು ಇಷ್ಟು: ‘ಶುಗರ್ ಕಾಯಿಲೆ ಇನ್ನೂ ಬಂದಿಲ್ಲ, ಗಡಿಯಲ್ಲಿದೆ. ಆದರೆ ಕಿಡ್ನಿಗೆ ಪೆಟ್ಟು ಬೀಳಲು ಶುರುವಾಗಿರಬಹುದು. ಹೊಟ್ಟೆ ಇಳಿಸಿ.’ ಬಿಪಿಗೆ ಟೆಲ್ಮಿಸಾರ್ಟನ್ 40 ಮಾತ್ರೆ ಬರೆದರು. ಮೂರು ತಿಂಗಳು ಬಿಟ್ಟು ಎಸಿಆರ್ ಮತ್ತೆ ಮಾಡಿಸಿ ಅಂದರು. ಹೊರಗೆ ಕ್ಯೂ ಇತ್ತು, ಜಾಸ್ತಿ ಕೇಳಲು ಆಗಲಿಲ್ಲ.

ನನ್ನ ತಲೆಗೆ ಹೋಗದ್ದು ಇದು. ಇಜಿಎಫ್‌ಆರ್ 90ಕ್ಕಿಂತ ಮೇಲಿದ್ದರೆ ಒಳ್ಳೆಯದು ಅಂತ ರಿಪೋರ್ಟ್ ಕೆಳಗೇ ಅಚ್ಚು ಹಾಕಿದ್ದಾರೆ. ನನ್ನದು 112. ಕಿಡ್ನಿ ಹಾಳಾದರೆ ಕಡಿಮೆ ಆಗಬೇಕಲ್ವಾ? ಒಂದು ಟೆಸ್ಟ್ ಪ್ರೋಟೀನ್ ಇಲ್ಲ ಅನ್ನುತ್ತದೆ, ಇನ್ನೊಂದು 86 ಅನ್ನುತ್ತದೆ, ಯಾವುದನ್ನು ನಂಬುವುದು? ಕಾಲು ಬಾವು ಇಲ್ಲ, ಮೂತ್ರ ಸರಿಯಾಗಿ ಹೋಗುತ್ತದೆ. ಕಿಡ್ನಿ ಅಂದರೆ ಶುಗರ್‌ನವರ ತೊಂದರೆ ಅಂತಲೇ ನಾನು ಕೇಳಿದ್ದು. ಬರೀ ಹೊಟ್ಟೆಯಿಂದ ಕಿಡ್ನಿಗೆ ಏನಾದರೂ ಆಗುತ್ತದಾ, ಅಥವಾ ತೂಕ ಇಳಿಸಲಿ ಅಂತ ಹೆದರಿಸುವುದಾ? ನಮ್ಮ ಲೈನಿನಲ್ಲಿ ಹೊಟ್ಟೆ ಇಲ್ಲದವರನ್ನು ಹುಡುಕಬೇಕು.

ಇನ್ನೊಂದು. ಬಿಪಿ ಮಾತ್ರೆಯೇ ಕಿಡ್ನಿ ತಿನ್ನುತ್ತದೆ ಅಂತ ಪಕ್ಕದ ಪಾನ್ ಅಂಗಡಿಯವರು ಹೇಳುತ್ತಿದ್ದಾರೆ. ಸೊಂಟ ನೋವಿಗೆ ನಾನು ಆಗಾಗ ಡಿಕ್ಲೋಫೆನಾಕ್ ತೆಗೆದುಕೊಳ್ಳುತ್ತೇನೆ, ಅದರಿಂದ ತೊಂದರೆ ಇಲ್ಲ ತಾನೆ?

ಎರಡನೇ ಕಪ್, ಚೆಂಬೂರು

ಲ್ಯಾಬಿನವರ ತಪ್ಪು ಇರಬಹುದು ಮಾರಾಯರೇ. ಕ್ರಿಯಾಟಿನಿನ್ 0.8 ಇದ್ದರೆ ಆರಾಮಾಗಿರಿ. ದಿನಕ್ಕೆ 5 ಲೀಟರ್ ನೀರು ಕುಡಿಯಿರಿ, ಬಾರ್ಲಿ ಗಂಜಿ ಕುಡಿಯಿರಿ, ಎಲ್ಲಾ ತೊಳೆದು ಹೋಗುತ್ತದೆ.

ಹಡಪ್ಸರ್ ಅಕ್ಕ, ಪುಣೆ

ಚೆಂಬೂರಿನವರೇ, ನಿಮ್ಮ ಬಾರ್ಲಿ ಗಂಜಿಗೆ ಆಮೇಲೆ ಬರುತ್ತೇನೆ.

ಗಲ್ಲಾದವರೇ, ನಾನು ಡಾಕ್ಟರ್ ಅಲ್ಲ. ಡಯಾಲಿಸಿಸ್ ಟೆಕ್ನಿಶಿಯನ್. ಊರು ಸಿಂದಗಿ ಕಡೆ, ಪುಣೆಗೆ ಬಂದು ಬಹಳ ವರ್ಷ ಆಯಿತು. ಒಬ್ಬೊಬ್ಬ ಪೇಷಂಟ್ ಮಷೀನಿನಲ್ಲಿ ನಾಲ್ಕು ಗಂಟೆ ಇರುತ್ತಾರೆ. ಅಷ್ಟು ಹೊತ್ತು ಮಾತು ಬಿಟ್ಟರೆ ಬೇರೇನೂ ಇರುವುದಿಲ್ಲ, ಹೀಗಾಗಿ ಯಾರ ಕಿಡ್ನಿ ಹೇಗೆ ಹೋಯಿತು ಅನ್ನುವ ಕಥೆ ನನಗೆ ಬೇಕಾದಷ್ಟು ಗೊತ್ತು. ಅವುಗಳಲ್ಲಿ ಒಂದು ಮಾತು ಮತ್ತೆ ಮತ್ತೆ ಬರುತ್ತದೆ: ‘ಕ್ರಿಯಾಟಿನಿನ್ ಚಲೋ ಇತ್ತು, ಮೂತ್ರ ಯಾರೂ ನೋಡಲಿಲ್ಲ.’ ನಿಮ್ಮ ಡಾಕ್ಟರ್ ನೋಡಿದ್ದಾರೆ. ಕ್ಯೂ ಎಷ್ಟೇ ಇರಲಿ, ಬರೆಯಬೇಕಾದ ಟೆಸ್ಟನ್ನೇ ಬರೆದಿದ್ದಾರೆ.

ಮೊದಲು ಆ 112. ನಿಮ್ಮ ಹೋಟೆಲನ್ನೇ ತೆಗೆದುಕೊಳ್ಳಿ. ಟೇಬಲ್ ಜಾಸ್ತಿ ಹಾಕಿದಿರಿ, ಅಡುಗೆಯವರು ಇದ್ದಷ್ಟೇ ಜನ. ಆರ್ಡರ್ ಎಲ್ಲಾ ಟೈಮಿಗೆ ಹೋಗುತ್ತಿದೆ. ಗಲ್ಲಾದಲ್ಲಿ ಕೂತವರಿಗೆ ವ್ಯಾಪಾರ ಜೋರು ಅಂತಲೇ ಕಾಣುತ್ತದೆ. ಒಳಗೆ ಅಡುಗೆಯವರ ಕೈ ಸೋತಿರುತ್ತದೆ. 112 ಅಂದರೆ ಆ ಗಲ್ಲಾದ ಲೆಕ್ಕ.

ಒಂದೊಂದು ಕಿಡ್ನಿಯಲ್ಲಿ ಸುಮಾರು 10 ಲಕ್ಷ ನೆಫ್ರಾನ್, ಅಂದರೆ ರಕ್ತ ಸೋಸುವ ಸಣ್ಣ ಸಣ್ಣ ಘಟಕ, ಇರುತ್ತವೆ. ಕೆಲವರಿಗೆ ಇದಕ್ಕಿಂತ ಬಹಳ ಕಡಿಮೆ. ಹುಟ್ಟುವಾಗಲೇ ತೂಕ ಕಡಿಮೆ ಇದ್ದವರಿಗೆ ನೆಫ್ರಾನೂ ಕಡಿಮೆ ಇರುವುದು ಜಾಸ್ತಿ. ಹುಟ್ಟಿದ ಮೇಲೆ ಹೊಸದು ಒಂದೂ ಬರುವುದಿಲ್ಲ. 60 ಕೆ.ಜಿ. ಇದ್ದಾಗಲೂ ಅಷ್ಟೇ, 91 ಆದಾಗಲೂ ಅಷ್ಟೇ. ಮೈ ದೊಡ್ಡದಾಯಿತು, ರಕ್ತ ಜಾಸ್ತಿ ಆಯಿತು, ಸೋಸುವವರು ಮಾತ್ರ ಅವರೇ. ಹಾಗಾಗಿ ಒಂದೊಂದು ನೆಫ್ರಾನೂ ತನ್ನ ಪಾಲಿಗಿಂತ ಜಾಸ್ತಿ ಸೋಸುತ್ತದೆ. ಡಾಕ್ಟರುಗಳು ಇದಕ್ಕೆ ಹೈಪರ್‌ಫಿಲ್ಟ್ರೇಶನ್ ಅನ್ನುತ್ತಾರೆ.

ರಿಪೋರ್ಟಿನಲ್ಲಿ ಇದು ಕಾಣದೆ ಇರಲು ಇನ್ನೊಂದು ಕಾರಣ ಇದೆ. ಇಜಿಎಫ್‌ಆರ್ ಅನ್ನು 1.73 ಚದರ ಮೀಟರ್ ಮೈ ಇರುವ ಮನುಷ್ಯನಿಗೆ ಹೊಂದಿಸಿ ಕೊಡುತ್ತಾರೆ. ನಿಮ್ಮ ಎತ್ತರ, ತೂಕಕ್ಕೆ ಮೈ ಹರವು ಸುಮಾರು 2.06 ಚದರ ಮೀಟರ್ ಆಗುತ್ತದೆ. ಆ ಹೊಂದಾಣಿಕೆ ತೆಗೆದು ಲೆಕ್ಕ ಹಾಕಿದರೆ ನಿಮ್ಮ ಕಿಡ್ನಿಗಳು ನಿಮಿಷಕ್ಕೆ ಸುಮಾರು 133 ಮಿ.ಲೀ. ಸೋಸುತ್ತಿವೆ. ದಿನಕ್ಕೆ 190 ಲೀಟರ್ ಆಯಿತು. ಅಂದಾಜು ಲೆಕ್ಕವೇ, ಆದರೆ ಕಿಡ್ನಿ ಆರಾಮಾಗಿಲ್ಲ, ಓಡುತ್ತಿದೆ ಅನ್ನುವುದಕ್ಕೆ ಇಷ್ಟು ಸಾಕು.

ಇನ್ನು ಕೊಬ್ಬು ಏನು ಮಾಡುತ್ತದೆ? ಹೊಟ್ಟೆಯ ಕೊಬ್ಬು ಸುಮ್ನೆ ಕೂತಿರುವ ವಸ್ತು ಅಂತ ನಾವು ತಿಳಿದಿರುತ್ತೇವೆ. ಅದು ಹಾರ್ಮೋನ್ ತಯಾರಿಸುತ್ತದೆ. ಆಂಜಿಯೋಟೆನ್ಸಿನ್ ಅಂತ ರಕ್ತನಾಳ ಬಿಗಿ ಮಾಡುವ ವಸ್ತು ಇದೆ, ಅದರ ಕಚ್ಚಾ ಮಾಲು ಲಿವರ್‌ನಿಂದ ಬರುತ್ತದೆ, ಕೊಬ್ಬಿನಿಂದಲೂ ಬರುತ್ತದೆ. ಕೊಬ್ಬು ಬಿಡುವ ಲೆಪ್ಟಿನ್ ನರಗಳನ್ನು ಕೆರಳಿಸುತ್ತದೆ. ಇನ್ಸುಲಿನ್ ಸರಿಯಾಗಿ ಕೆಲಸ ಮಾಡದೆ ಇದ್ದಾಗ ಮೈ ಇನ್ನೂ ಜಾಸ್ತಿ ಇನ್ಸುಲಿನ್ ಸುರಿಯುತ್ತದೆ, ಅದು ಕಿಡ್ನಿಗೆ ಉಪ್ಪು ಹಿಡಿದಿಟ್ಟುಕೋ ಅನ್ನುತ್ತದೆ. ಮೇಲಿನಿಂದ ಕಿಡ್ನಿಯ ಸುತ್ತ ಸೇರಿದ ಕೊಬ್ಬು ಕಿಡ್ನಿಯನ್ನೇ ಒತ್ತುತ್ತದೆ. ಎಲ್ಲಾ ಸೇರಿ ಉಪ್ಪು ಒಳಗೇ ಉಳಿಯುತ್ತದೆ, ಬಿಪಿ ಏರುತ್ತದೆ. ನಿಮ್ಮ 142/90 ಬೇರೆ ಕಾಯಿಲೆ, ಹೊಟ್ಟೆ ಬೇರೆ ಅಂತ ತಿಳಿಯಬೇಡಿ.

ಕಿಡ್ನಿ ಒಳಗೆ ಸೋಸುವ ಗಂಟಿಗೆ ರಕ್ತ ತರುವ ನಾಳ ಒಂದು, ಹೊರಗೆ ಒಯ್ಯುವ ನಾಳ ಒಂದು. ಉಪ್ಪನ್ನು ನಡುವಿನಲ್ಲೇ ಹೀರಿಕೊಂಡಾಗ ಮುಂದಿನ ಕಾವಲು ಜೀವಕೋಶಗಳಿಗೆ ಉಪ್ಪು ಕಡಿಮೆ ಮುಟ್ಟುತ್ತದೆ. ರಕ್ತವೇ ಕಡಿಮೆ ಬರುತ್ತಿದೆ ಅಂತ ತಿಳಿದು ಅವು ತರುವ ನಾಳವನ್ನು ಅಗಲ ಮಾಡುತ್ತವೆ. ಆಂಜಿಯೋಟೆನ್ಸಿನ್ ಒಯ್ಯುವ ನಾಳವನ್ನು ಬಿಗಿ ಮಾಡುತ್ತದೆ. ಬರುವ ದಾರಿ ಅಗಲ, ಹೋಗುವ ದಾರಿ ಸಣ್ಣದು. ಒಳಗೆ ಒತ್ತಡ ಏರದೆ ಏನಾಗುತ್ತದೆ? ಗಂಟು ಊದಿ ದೊಡ್ಡದಾಗುತ್ತದೆ. ಅದರ ಮೇಲೆ ಪೋಡೋಸೈಟ್ ಅಂತ ಜೀವಕೋಶಗಳು ಬೆರಳು ಹೆಣೆದು ಕೂತಿರುತ್ತವೆ, ಪ್ರೋಟೀನ್ ಸೋರದ ಹಾಗೆ ಕಾಯುವುದು ಅವೇ. ಅವು ಒಂದರಿಂದ ಎರಡಾಗಿ ಬೆಳೆಯುವ ಜಾತಿಯಲ್ಲ. ಗಂಟು ದೊಡ್ಡದಾದಷ್ಟೂ ಅವು ಎಳೆದುಕೊಂಡು ನಿಲ್ಲಬೇಕು. ಕೆಲವು ಕಳಚಿ ಬೀಳುತ್ತವೆ. ಆ ಜಾಗದಿಂದ ಆಲ್ಬುಮಿನ್ ಅನ್ನುವ ರಕ್ತದ ಪ್ರೋಟೀನ್ ಸೋರುತ್ತದೆ. ಇನ್ನೂ ಮುಂದೆ ಹೋದರೆ ಅಲ್ಲಿ ಕಲೆ ಕಟ್ಟಿ ಆ ನೆಫ್ರಾನ್ ಸಾಯುತ್ತದೆ, ಅದರ ಕೆಲಸ ಪಕ್ಕದವುಗಳ ಮೇಲೆ ಬೀಳುತ್ತದೆ. ಶುಗರ್ ಕಾಯಿಲೆ ಇಲ್ಲದೆಯೂ ಇದು ಆಗುತ್ತದೆ. ಬೊಜ್ಜಿನಿಂದ ಮೂತ್ರದಲ್ಲಿ ಪ್ರೋಟೀನ್ ಹೋಗುವುದನ್ನು ಡಾಕ್ಟರುಗಳು 1974ರಲ್ಲೇ ಬರೆದಿಟ್ಟಿದ್ದಾರೆ. ಹೊಸ ಫ್ಯಾಷನ್ ಅಲ್ಲ.

ಈಗ ‘ನಿಲ್’ ಮತ್ತು 86. ಎರಡೂ ಸರಿ. ಮಾಮೂಲಿ ಪರೀಕ್ಷೆಯಲ್ಲಿ ಪಟ್ಟಿ ಅದ್ದಿ ಬಣ್ಣ ನೋಡುತ್ತಾರೆ. ಸಣ್ಣ ಪ್ರಮಾಣ ಅದಕ್ಕೆ ಸಿಗುವುದಿಲ್ಲ. ಎಸಿಆರ್‌ನಲ್ಲಿ ಮೂತ್ರದ ಆಲ್ಬುಮಿನ್ ಅಳೆದು ಅದೇ ಮೂತ್ರದ ಕ್ರಿಯಾಟಿನಿನ್‌ನಿಂದ ಭಾಗಿಸುತ್ತಾರೆ, ಹಾಗಾಗಿ ನೀರು ಜಾಸ್ತಿ ಕುಡಿದಿದ್ದರೂ ಕಡಿಮೆ ಕುಡಿದಿದ್ದರೂ ಲೆಕ್ಕ ಅಷ್ಟಾಗಿ ತಪ್ಪುವುದಿಲ್ಲ. 30ರ ಒಳಗಿದ್ದರೆ ಸರಿ. 30ರಿಂದ 300 ಎಚ್ಚರಿಕೆ. 300 ದಾಟಿದರೆ ಜೋರು. ನೀವು ನಡುವಿನವರು.

ಹಾಗಂತ ಈಗಲೇ ನಿದ್ದೆ ಕೆಡಿಸಿಕೊಳ್ಳಬೇಡಿ. ಒಂದೇ ಸಲದ ಎಸಿಆರ್ ನೋಡಿ ಕಾಯಿಲೆ ಹೆಸರು ಹಚ್ಚುವುದಿಲ್ಲ. ಜ್ವರ, ಮೂತ್ರದ ಸೋಂಕು, ಹಿಂದಿನ ದಿನದ ಜೋರು ವ್ಯಾಯಾಮ, ಬಿಪಿ ಬಹಳ ಏರಿದ್ದು, ಯಾವುದರಿಂದಲೂ ಅದು ಏರಬಹುದು. ಮೂರು ತಿಂಗಳು ದಾಟಿಯೂ ಜಾಸ್ತಿಯೇ ಇದ್ದರೆ ಆಗ ಕ್ರಾನಿಕ್ ಕಿಡ್ನಿ ಕಾಯಿಲೆ ಅನ್ನುತ್ತಾರೆ, ಇಜಿಎಫ್‌ಆರ್ 112 ಇದ್ದರೂ ಸಹ. ಕ್ರಿಯಾಟಿನಿನ್ ಏರುವುದನ್ನು ಕಾಯುತ್ತಾ ಕೂತರೆ ತಡವಾಗುತ್ತದೆ. ಕಿಡ್ನಿಯ ಅರ್ಧದಷ್ಟು ಕೆಲಸ ಹೋಗುವವರೆಗೂ ಅದು ನಾರ್ಮಲ್ ಗೆರೆಯ ಒಳಗೇ ಇರಬಹುದು. ಕಾಲು ಬಾವು ಇಲ್ಲ ಅಂದಿರಿ. ಬೊಜ್ಜಿನ ಕಿಡ್ನಿ ತೊಂದರೆಯಲ್ಲಿ ಪ್ರೋಟೀನ್ ಬಹಳ ಹೋಗುತ್ತಿದ್ದರೂ ಬಾವು ಬರದೇ ಇರುವುದು ಸಾಮಾನ್ಯ.

ಟೆಲ್ಮಿಸಾರ್ಟನ್ ಬಗ್ಗೆ ಪಾನ್ ಅಂಗಡಿಯವರಿಗೆ ಹೇಳಿ: ನಾನು ಮೇಲೆ ಹೇಳಿದ ಆ ಒಯ್ಯುವ ನಾಳದ ಬಿಗಿ ಸಡಿಲ ಮಾಡುವುದೇ ಈ ಮಾತ್ರೆ. ಒಳಗಿನ ಒತ್ತಡ ಇಳಿಯುತ್ತದೆ, ಸೋರುವುದು ಕಡಿಮೆ ಆಗುತ್ತದೆ. ಒತ್ತಡ ಇಳಿದಾಗ ಸೋಸುವುದೂ ಸ್ವಲ್ಪ ಇಳಿಯುತ್ತದೆ, ಹಾಗಾಗಿ ಶುರುವಿನಲ್ಲಿ ಕ್ರಿಯಾಟಿನಿನ್ ಸ್ವಲ್ಪ ಏರಬಹುದು. ಶೇ. 30ರವರೆಗೆ ಏರಿದರೆ ಸಾಮಾನ್ಯವಾಗಿ ಮಾತ್ರೆ ನಿಲ್ಲಿಸುವುದಿಲ್ಲ. ಬಹಳ ಜನ ಇದನ್ನೇ ನೋಡಿ ‘ಮಾತ್ರೆ ಕಿಡ್ನಿ ತಿಂತು’ ಅಂತ ಬಿಟ್ಟುಬಿಡುತ್ತಾರೆ. ಶುರು ಮಾಡಿದ ಎರಡು ವಾರದೊಳಗೆ ಕ್ರಿಯಾಟಿನಿನ್, ಪೊಟ್ಯಾಸಿಯಂ ನೋಡುವುದು ವಾಡಿಕೆ. ನಿಮ್ಮ ಡಾಕ್ಟರ್ ಬರೆದಿಲ್ಲದಿದ್ದರೆ ಕೇಳಿ. ವಾಂತಿ ಭೇದಿ ಜೋರಾದ ದಿನ ಮಾತ್ರೆ ನುಂಗುವ ಮೊದಲು ಫೋನ್ ಮಾಡಿ ಕೇಳಿ.

ಕಿಡ್ನಿ ತಿನ್ನುವ ಮಾತ್ರೆ ಯಾವುದು ಅಂದರೆ, ನೀವು ಯಾರನ್ನೂ ಕೇಳದೆ ನುಂಗುತ್ತಿರುವ ಆ ಡಿಕ್ಲೋಫೆನಾಕ್. ಅದು ತರುವ ನಾಳವನ್ನು ಬಿಗಿ ಮಾಡುತ್ತದೆ. ಐಬುಪ್ರೊಫೆನ್, ಅಸಿಕ್ಲೋಫೆನಾಕ್ ಎಲ್ಲಾ ಅದೇ ಕುಟುಂಬ. ಟೆಲ್ಮಿಸಾರ್ಟನ್ ಜೊತೆಗೆ ಇನ್ನೂ ಅಪಾಯ. ಮೂತ್ರ ಜಾಸ್ತಿ ಮಾಡುವ ಬಿಪಿ ಮಾತ್ರೆಯೂ ಸೇರಿದರೆ ಕೆಲವೇ ದಿನದಲ್ಲಿ ಕಿಡ್ನಿ ಮಲಗಬಹುದು. ಸೊಂಟ ನೋವು ಅಂತ ಡಾಕ್ಟರಿಗೆ ಬಾಯಿಬಿಟ್ಟು ಹೇಳಿ, ಬೇರೆ ದಾರಿ ಇದೆ.

ಎರಡನೇ ಕಪ್, ಚೆಂಬೂರು

ಬಾರ್ಲಿ ಗಂಜಿ ಬಿಟ್ಟುಹೋಯಿತು ಅಕ್ಕಾ 😀

ಹಡಪ್ಸರ್ ಅಕ್ಕ, ಪುಣೆ

ಬಾರ್ಲಿ ಗಂಜಿ ಕುಡಿಯಿರಿ, ಚಲೋ ಇರುತ್ತದೆ. ಪೋಡೋಸೈಟ್ ಅದರಿಂದ ವಾಪಸ್ ಬರುವುದಿಲ್ಲ. 5 ಲೀಟರ್ ನೀರಿನಿಂದಲೂ ಬರುವುದಿಲ್ಲ. ಕಿಡ್ನಿ ಕಲ್ಲಿನವರಿಗೆ ನೀರು ಜಾಸ್ತಿ ಬೇಕು, ಅದು ಬೇರೆ ವಿಷಯ. ಬೊಜ್ಜಿರುವವರ ಮೂತ್ರ ಹುಳಿ ಜಾಸ್ತಿ ಇರುತ್ತದೆ, ಯೂರಿಕ್ ಆಸಿಡ್ ಕಲ್ಲು ಅದರಲ್ಲೇ ಕಟ್ಟುವುದು. ಗಲ್ಲಾದವರ ಯೂರಿಕ್ ಆಸಿಡ್ 8.1, ಅವರು ನೀರಿನ ಬಾಟಲಿ ಪಕ್ಕದಲ್ಲಿಟ್ಟುಕೊಳ್ಳುವುದು ಒಳ್ಳೆಯದೇ. ಬಾಯಾರಿಕೆಗೆ ತಕ್ಕಷ್ಟು, ಸ್ವಲ್ಪ ಜಾಸ್ತಿ. ತೊಳೆಯುವ ಲೆಕ್ಕ ಬೇಡ.

ಜೋಳದ ರೊಟ್ಟಿ, ಪಿಂಪ್ರಿ

ಹೊಟ್ಟೆ ಇಳಿಸಲು ಡಯಟ್ ಒಂದೇ ದಾರಿ ಅಣ್ಣಾ. ನಾನು ಅನ್ನ, ರೊಟ್ಟಿ ಎಲ್ಲಾ ಬಿಟ್ಟು ಮೊಟ್ಟೆ, ಪನ್ನೀರ್, ಚಿಕನ್, ಜೊತೆಗೆ ಪ್ರೋಟೀನ್ ಪುಡಿ ಮೇಲೆ ಇದ್ದೇನೆ. ಹೆಸರು ಮಾತ್ರ ರೊಟ್ಟಿ ಉಳಿದಿದೆ. ಕೆ.ಜಿ.ಗೆ 2 ಗ್ರಾಂ ಪ್ರೋಟೀನ್ ಅಂತ ಟ್ರೇನರ್ ಲೆಕ್ಕ ಕೊಟ್ಟಿದ್ದಾರೆ. ಜಿಮ್‌ನವರು ತೆಗೆದುಕೊಳ್ಳುವ ಕ್ರಿಯೇಟಿನ್ ಪುಡಿ ಕೂಡ ತೆಗೆದುಕೊಳ್ಳುತ್ತೇನೆ. ಬಟ್ಟೆ ಎಲ್ಲಾ ಸಡಿಲ ಆಗಿದೆ. ನಂಬರ್ ಬೇಕಾದರೆ ಮೆಸೇಜ್ ಮಾಡಿ.

ಹಡಪ್ಸರ್ ಅಕ್ಕ, ಪುಣೆ

ತಮ್ಮಾ, ಕಿಡ್ನಿ ಗಟ್ಟಿ ಇದ್ದು ವ್ಯಾಯಾಮ ಮಾಡುವ ಹುಡುಗನ ಲೆಕ್ಕ ಬೇರೆ. ಪ್ರೋಟೀನ್ ಜಾಸ್ತಿ ತಿಂದಾಗ ಕಿಡ್ನಿ ಜಾಸ್ತಿ ಸೋಸುತ್ತದೆ. ಆಗಲೇ ಓಡುತ್ತಿರುವ ಕಿಡ್ನಿಯನ್ನು ಇನ್ನೂ ಓಡಿಸಿದ ಹಾಗೆ. ಕಿಡ್ನಿ ಕಾಯಿಲೆ ಇರುವವರಿಗೆ, ಕೆಡುವ ಅಪಾಯ ಇದ್ದರೆ, ದಿನಕ್ಕೆ ಕೆ.ಜಿ.ಗೆ 1.3 ಗ್ರಾಂ ದಾಟಬೇಡಿ ಅನ್ನುತ್ತಾರೆ. ಸಾಮಾನ್ಯವಾಗಿ ಹೇಳುವುದು 0.8ರ ಆಸುಪಾಸು. ಗಲ್ಲಾದವರ ಎರಡನೇ ಎಸಿಆರ್ ಬರುವವರೆಗಾದರೂ ಈ ಡಬ್ಬಿ ಬೇಡ.

ನೀವೂ ಒಂದು ಸಲ ಎಸಿಆರ್ ಮಾಡಿಸಿ. ಕ್ರಿಯೇಟಿನ್ ತಿನ್ನುವವರಿಗೆ, ಮೈಕಟ್ಟು ಜಾಸ್ತಿ ಇರುವವರಿಗೆ ರಕ್ತದ ಕ್ರಿಯಾಟಿನಿನ್ ಸುಮ್ನೆ ಏರಿ ಹೆದರಿಸುತ್ತದೆ. ಅನುಮಾನ ಬಂದರೆ ಸಿಸ್ಟಾಟಿನ್ ಸಿ ಅಂತ ಟೆಸ್ಟ್ ಇದೆ, ಅದು ಮೈಕಟ್ಟಿನ ಮೇಲೆ ಅಷ್ಟಾಗಿ ನಿಂತಿಲ್ಲ.

ಗಲ್ಲಾದವ, ಡೊಂಬಿವಲಿ

ಅಕ್ಕಾ, ಇಷ್ಟು ಯಾರೂ ಬಿಡಿಸಿ ಹೇಳಿರಲಿಲ್ಲ. ಪಾನ್ ಅಂಗಡಿಯವರಿಗೆ ಒಯ್ಯುವ ನಾಳದ ಕಥೆ ಹೇಳಿದೆ, ಅವರು ಸುಣ್ಣ ಹಚ್ಚುತ್ತಾ ‘ನಿಮ್ಮ ಅಕ್ಕನಿಗೆ ಕಂಪನಿಯವರು ದುಡ್ಡು ಕೊಡುತ್ತಾರೆ’ ಅಂದರು.

ಊಟದ ವಿಷಯ ಕೇಳಬೇಕು. ನನ್ನ ಊಟ ಹೋಟೆಲಿನಲ್ಲೇ. ಬೆಳಗ್ಗೆ ಇಡ್ಲಿ ವಡೆ, ನಡುವೆ ಎಷ್ಟು ಚಹಾ ಅಂತ ಲೆಕ್ಕ ಇಲ್ಲ, ಮಧ್ಯಾಹ್ನ ಥಾಲಿ, ರಾತ್ರಿ ಗಿರಾಕಿ ಮುಗಿದ ಮೇಲೆ ಹುಡುಗರ ಜೊತೆ ಅನ್ನ ಸಾರು. ಎಣ್ಣೆ ಅಷ್ಟೇನೂ ಇಲ್ಲ. ಏನು ಬಿಡಬೇಕು? ಎಷ್ಟು ತೂಕ ಇಳಿದರೆ ಆ 86 ಇಳಿಯುತ್ತದೆ? ಮೆಟಬಾಲಿಕ್ ಸಿಂಡ್ರೋಮ್ ಅಂತ ಚೀಟಿಯಲ್ಲಿ ಬರೆದಿದ್ದಾರೆ, ಅದು ಶುಗರ್‌ನ ಇನ್ನೊಂದು ಹೆಸರಾ? ಮನೆಯವಳು ಸೇರಿಸು ಅಂದಳು: ನಾನು ಗೊರಕೆ ಹೊಡೆಯುತ್ತೇನಂತೆ, ನಡುವೆ ಉಸಿರು ನಿಂತ ಹಾಗೆ ಆಗುತ್ತದಂತೆ. ಇದಕ್ಕೂ ಕಿಡ್ನಿಗೂ ಏನು ಸಂಬಂಧ ಅಂತ ನಾನು ಹೇಳಿದೆ.

ಹಡಪ್ಸರ್ ಅಕ್ಕ, ಪುಣೆ

ಕಂಪನಿ ದುಡ್ಡು ಬಂದರೆ ಅರ್ಧ ಪಾನ್ ಅಂಗಡಿಗೆ.

ನಿಮ್ಮ ಮನೆಯವರು ಸರಿಯಾಗಿ ಹಿಡಿದಿದ್ದಾರೆ. ಗೊರಕೆಯ ನಡುವೆ ಉಸಿರು ನಿಲ್ಲುವುದು ಸ್ಲೀಪ್ ಅಪ್ನಿಯಾ ಇರಬಹುದು. ರಾತ್ರಿಯಿಡೀ ಆಮ್ಲಜನಕ ಇಳಿದು ಏರುತ್ತದೆ, ನರ ಕೆರಳುತ್ತದೆ, ಬಿಪಿ ಮಾತ್ರೆಗೆ ಬಗ್ಗುವುದಿಲ್ಲ. ಕಿಡ್ನಿಗೂ ಅದು ಒಳ್ಳೆಯದಲ್ಲ. ಡಾಕ್ಟರಿಗೆ ಹೇಳಿ, ನಿದ್ದೆಯ ಪರೀಕ್ಷೆ ಬರೆಯುತ್ತಾರೆ. ಹೋಗುವಾಗ ಅವರನ್ನೂ ಕರೆದುಕೊಂಡು ಹೋಗಿ. ಗೊರಕೆಯ ಸಾಕ್ಷಿ ಅವರೇ.

ಮೆಟಬಾಲಿಕ್ ಸಿಂಡ್ರೋಮ್ ಅಂದರೆ ಐದರಲ್ಲಿ ಮೂರು ಇದ್ದರೆ ಕೊಡುವ ಹೆಸರು. ಎಚ್‌ಡಿಎಲ್ ಬಿಟ್ಟು ಉಳಿದದ್ದು ಈ ಗೆರೆ ಮುಟ್ಟಿದರೆ ಲೆಕ್ಕಕ್ಕೆ ಬರುತ್ತದೆ. ನಮ್ಮ ಕಡೆಯ ಗಂಡಸರಿಗೆ ಹೊಟ್ಟೆಯ ಸುತ್ತಳತೆ 90 ಸೆಂ.ಮೀ., ಹೆಂಗಸರಿಗೆ 80. ಟ್ರೈಗ್ಲಿಸರೈಡ್ 150. ಎಚ್‌ಡಿಎಲ್ ಗಂಡಸರಿಗೆ 40ಕ್ಕಿಂತ, ಹೆಂಗಸರಿಗೆ 50ಕ್ಕಿಂತ ಕಡಿಮೆ. ಬಿಪಿ 130/85. ಬರೀ ಹೊಟ್ಟೆಯ ಶುಗರ್ 100. ನಿಮಗೆ ಐದಕ್ಕೆ ಐದೂ ಬಂದಿವೆ, ಪರೀಕ್ಷೆ ಆಗಿದ್ದರೆ ರ‍್ಯಾಂಕ್. ಇದರಲ್ಲಿ ಒಂದೊಂದೂ ಸಣ್ಣದಾಗಿ ಕಾಣುತ್ತದೆ, ಒಂದಕ್ಕೂ ಆಸ್ಪತ್ರೆಗೆ ಸೇರಿಸುವುದಿಲ್ಲ. ಆದರೆ ಎಲ್ಲಾ ಒಂದೇ ಮನುಷ್ಯನಲ್ಲಿ ಸೇರಿದಾಗ ಕಿಡ್ನಿಗೆ ಎಲ್ಲಾ ಕಡೆಯಿಂದ ಬೀಳುತ್ತದೆ. ಕಿಡ್ನಿಯ ಒಳಗಿನ ಜೀವಕೋಶಗಳಲ್ಲೂ ಲಿವರ್‌ನ ಹಾಗೆ ಕೊಬ್ಬು ಕೂರುತ್ತದೆ. ನಿಮ್ಮ ಫ್ಯಾಟಿ ಲಿವರ್ ಬೇರೆ ಸುದ್ದಿ ಅಲ್ಲ.

ಊಟಕ್ಕೆ ಬಂದರೆ, ನನಗೆ ಎಣ್ಣೆಗಿಂತ ಮೊದಲು ಕಣ್ಣಿಗೆ ಬಿದ್ದದ್ದು ಉಪ್ಪು. ದಿನಕ್ಕೆ 5 ಗ್ರಾಂ ಒಳಗೆ ಅನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ನಮ್ಮ ದೇಶದವರು ತಿನ್ನುವುದು ಸುಮಾರು 8 ಗ್ರಾಂ. ಹೋಟೆಲಿನ ಸಾಂಬಾರ್, ಚಟ್ನಿ, ಥಾಲಿಯ ಉಪ್ಪಿನಕಾಯಿ, ಹಪ್ಪಳ, ಮಜ್ಜಿಗೆಗೆ ಮತ್ತೆ ಉಪ್ಪು, ಎಲ್ಲಾ ಸೇರಿಸಿದರೆ ನೀವು ಅದನ್ನೂ ದಾಟಿರಬಹುದು. ಉಪ್ಪು ಜಾಸ್ತಿ ತಿಂದರೆ ಟೆಲ್ಮಿಸಾರ್ಟನ್ ಪ್ರೋಟೀನ್ ಇಳಿಸುವುದೂ ಕಡಿಮೆ ಆಗುತ್ತದೆ. ಸಾಂಬಾರ್‌ನಲ್ಲಿ ಇಡ್ಲಿ ಮುಳುಗಿಸಿ ಕೂರುವ ಪದ್ಧತಿ ಗಿರಾಕಿಗಳಿಗಿರಲಿ. ಮಾಲೀಕರ ಕಡೆಯವರು ನೀವು, ನಿಮ್ಮ ಪಲ್ಯ ಉಪ್ಪು ಹಾಕುವ ಮೊದಲೇ ಬೇರೆ ತೆಗೆದಿಡಿ ಅಂದರೆ ಯಾರು ಬೇಡ ಅನ್ನುತ್ತಾರೆ? ಒಂದು ಎಚ್ಚರಿಕೆ: ‘ಲೋ ಸೋಡಿಯಂ’ ಉಪ್ಪು ತಂದುಬಿಡಬೇಡಿ. ಅದರಲ್ಲಿ ಸೋಡಿಯಂ ಬದಲು ಪೊಟ್ಯಾಸಿಯಂ ಹಾಕಿರುತ್ತಾರೆ. ಟೆಲ್ಮಿಸಾರ್ಟನ್ ಪೊಟ್ಯಾಸಿಯಂ ಉಳಿಸಿಕೊಳ್ಳುವ ಮಾತ್ರೆ. ಎರಡೂ ಸೇರಿದರೆ ಹೃದಯದ ಬಡಿತಕ್ಕೇ ತೊಂದರೆ ಆಗಬಹುದು.

ಆಮೇಲೆ ಚಹಾದ ಸಕ್ಕರೆ. ಟ್ರೈಗ್ಲಿಸರೈಡ್ 236 ಬರೀ ಎಣ್ಣೆಯಿಂದ ಬಂದದ್ದಲ್ಲ, ಸಕ್ಕರೆ ಮತ್ತು ಬಿಳಿ ಅನ್ನದಿಂದಲೂ ಬರುತ್ತದೆ. ರಾತ್ರಿ ಊಟವನ್ನು ಎಂಟಕ್ಕೆ ಕೌಂಟರ್ ಹಿಂದೆ ಅರ್ಧ ಮುಗಿಸಿಬಿಡಿ, ಮಧ್ಯರಾತ್ರಿಯ ಅನ್ನದ ಗುಡ್ಡ ತಾನಾಗಿ ಸಣ್ಣದಾಗುತ್ತದೆ. ಕುರ್ಚಿಯ ವಿಷಯ ನಿಮಗೇ ಗೊತ್ತು. ಗಿರಾಕಿ ಕಡಿಮೆ ಇರುವ ಮಧ್ಯಾಹ್ನ ಮೂರರಿಂದ ಐದರ ನಡುವೆ ಬೇರೆಯವರನ್ನು ಕೂರಿಸಿ ನಡೆದು ಬನ್ನಿ.

ತೂಕ ಶೇ. 5ರಿಂದ 10 ಇಳಿದರೂ ಬಿಪಿ, ಟ್ರೈಗ್ಲಿಸರೈಡ್, ಶುಗರ್ ಇಳಿಯುತ್ತವೆ, ಮೂತ್ರದ ಪ್ರೋಟೀನೂ ಸಾಮಾನ್ಯವಾಗಿ ಇಳಿಯುತ್ತದೆ. ನಿಮಗೆ ಅದು ನಾಲ್ಕೂವರೆಯಿಂದ ಒಂಬತ್ತು ಕೆ.ಜಿ. 91ರಿಂದ 60ಕ್ಕೆ ಬರಬೇಕು ಅಂತ ಯಾರೂ ಹೇಳುತ್ತಿಲ್ಲ. ಕಲೆ ಕಟ್ಟಿದ ಮೇಲೆ ಇಳಿಸಿದರೆ ಇಷ್ಟು ಲಾಭ ಸಿಗುವುದಿಲ್ಲ. ನನ್ನ ಪೇಷಂಟ್‌ಗಳು ಉಪ್ಪು ಬಿಡುವುದು ಮಷೀನಿಗೆ ಬಂದ ಮೇಲೆ. ನನಗೆ ಸಿಟ್ಟು ಬರುವುದು ಅದಕ್ಕೇ, ಅವರ ಮೇಲಲ್ಲ, ಮೊದಲೇ ಮೂತ್ರ ನೋಡದೆ ‘ಕ್ರಿಯಾಟಿನಿನ್ ನಾರ್ಮಲ್’ ಅಂತ ಕಳಿಸಿದವರ ಮೇಲೆ.

ಬಂಗುಡೆ ಸಾರು, ವಾಸ್ಕೊ

ಹೊಟ್ಟೆ, ಕೊಲೆಸ್ಟರಾಲ್ ಅಂದಿದ್ದಕ್ಕೆ ಬರೆಯುತ್ತಿದ್ದೇನೆ. ನಾವು ಕಾರವಾರದವರು, ಈಗ ವಾಸ್ಕೊದಲ್ಲಿ. ಹಿತ್ತಲಲ್ಲಿ ಬಿಂಬುಳಿ ಮರ ಇದೆ, ಈ ಸಲ ಕಾಂಡದ ತುಂಬಾ ಕಾಯಿ. ಖಾಲಿ ಹೊಟ್ಟೆಗೆ ಅದರ ರಸ ಕುಡಿದರೆ ಕೊಬ್ಬು ಕರಗುತ್ತದೆ ಅಂತ ನಮ್ಮ ಓಣಿಯಲ್ಲಿ ಹೇಳುತ್ತಾರೆ. ನಮ್ಮ ಮಾವನವರು ಶುರು ಮಾಡಬೇಕು ಅಂತಿದ್ದಾರೆ, ಅವರಿಗೂ ಟ್ರೈಗ್ಲಿಸರೈಡ್ ಜಾಸ್ತಿ. ಗಲ್ಲಾದವರಿಗೂ ಕಳಿಸಬಹುದು, ಮರದಲ್ಲಿ ಬೇಕಾದಷ್ಟಿದೆ.

ಹಡಪ್ಸರ್ ಅಕ್ಕ, ಪುಣೆ

ಬೇಡ, ಬೇಡ. ಮಾವನವರಿಗೆ ಇವತ್ತೇ ಹೇಳಿ.

ಬಿಂಬುಳಿಯಲ್ಲಿ ಆಕ್ಸಲೇಟ್ ವಿಪರೀತ. ರಸ ಹಿಂಡಿ ಕುಡಿದರೆ ಅದು ಹರಳು ಕಟ್ಟಿ ಕಿಡ್ನಿಯ ನಳಿಕೆಗಳಲ್ಲಿ ತುಂಬಿಕೊಳ್ಳುತ್ತದೆ. ಕೇರಳದಲ್ಲಿ ಕೊಲೆಸ್ಟರಾಲ್‌ಗೆ ಅಂತ ಇದೇ ರಸ ಕುಡಿದು ಕಿಡ್ನಿ ಏಕಾಏಕಿ ನಿಂತ 10 ಜನರ ವಿವರ 2013ರಲ್ಲಿ ಪ್ರಕಟವಾಗಿದೆ. ಅವರಲ್ಲಿ 7 ಜನರಿಗೆ ಡಯಾಲಿಸಿಸ್ ಬೇಕಾಯಿತು. ಮೀನು ಸಾರಿಗೆ ಹುಳಿಗೆ ಅಂತ ಒಂದೆರಡು ಹಾಕುವುದು ಬೇರೆ, ಲೋಟಗಟ್ಟಲೆ ರಸ ಬೇರೆ. ಅದರ ಜಾತಿಯದೇ ಕರಂಬಲ, ನಮ್ಮ ಕಡೆ ಕಮರಾಕ್ಷಿ ಅನ್ನುವ ನಕ್ಷತ್ರದಾಕಾರದ ಹಣ್ಣು. ಕಿಡ್ನಿ ಸೋತವರು ಅದನ್ನು ಮುಟ್ಟಲೇಬಾರದು. ಆಕ್ಸಲೇಟ್ ಅಲ್ಲದೆ ಅದರಲ್ಲಿ ಮಿದುಳಿಗೆ ಹತ್ತುವ ವಿಷವೂ ಇದೆ. ನಿಲ್ಲದ ಬಿಕ್ಕಳಿಕೆಯಿಂದ ಶುರುವಾಗಿ ಫಿಟ್ಸ್‌ವರೆಗೆ ಹೋಗುತ್ತದೆ, ಜೀವವೂ ಹೋಗಬಹುದು.

ಬಂಗುಡೆ ಸಾರು, ವಾಸ್ಕೊ

ಅಯ್ಯೋ ದೇವರೇ. ಉಪ್ಪಿನಕಾಯಿ ಹಾಕಿಬಿಡುತ್ತೇನೆ ಅನ್ನೋಣ ಅಂದರೆ ನೀವು ಉಪ್ಪನ್ನೂ ಬೇಡ ಅಂದಿದ್ದೀರಿ. ಮಾವನವರಿಗೆ ಓದಿ ಹೇಳಿದೆ. ಕೇರಳದವರು ಜಾಸ್ತಿ ಕುಡಿದಿರಬೇಕು ಅಂತಿದ್ದಾರೆ. ಕಾಯಿ ಎಲ್ಲಾ ಪಕ್ಕದ ಮನೆಗೆ ಸಾರಿಗೆ ಕೊಟ್ಟೆ, ರಸ ಕುಡಿಯಬೇಡಿ ಅಂತ ಹೇಳಿಯೇ ಕೊಟ್ಟೆ.

ಎರಡನೇ ಕಪ್, ಚೆಂಬೂರು

ಈಗ ತೂಕ ಇಳಿಸುವ ಇಂಜೆಕ್ಷನ್ ಬಂದಿದೆಯಲ್ಲ, ವಾರಕ್ಕೊಂದು ಚುಚ್ಚಿದರೆ ಆಯಿತು. ಕಿಡ್ನಿಗೂ ಒಳ್ಳೆಯದಂತೆ. ಡಪಾಗ್ಲಿಫ್ಲೋಜಿನ್ ಅಂತ ಶುಗರ್ ಮಾತ್ರೆಯೂ ಇದೆಯಂತೆ. ಇಡ್ಲಿ ಸಾಂಬಾರ್ ಯಾಕೆ ಬಿಡಬೇಕು?

ಹಡಪ್ಸರ್ ಅಕ್ಕ, ಪುಣೆ

ಅರ್ಧ ಸರಿ ಇದ್ದೀರಿ, ಇವತ್ತಿಗೆ ಪ್ರಗತಿ. ನೀವು ಹೇಳಿದ ವಾರದ ಇಂಜೆಕ್ಷನ್, ಅಂದರೆ ಸೆಮಾಗ್ಲುಟೈಡ್, ಅದರ ಬಗ್ಗೆ 2024ರಲ್ಲಿ ಫ್ಲೋ ಅನ್ನುವ ದೊಡ್ಡ ಪ್ರಯೋಗದ ಫಲಿತಾಂಶ ಬಂತು. ಕಿಡ್ನಿ ಕೈಕೊಡುವಂಥ ದೊಡ್ಡ ಘಟನೆಗಳು, ಕಿಡ್ನಿ ಮತ್ತು ಹೃದಯದ ಕಾರಣದ ಸಾವು ಸೇರಿ, ಶೇ. 24ರಷ್ಟು ಕಡಿಮೆ ಆದವು. ಆದರೆ ಅದರಲ್ಲಿ ಇದ್ದವರೆಲ್ಲಾ ಟೈಪ್ 2 ಶುಗರ್ ಜೊತೆಗೆ ಕಿಡ್ನಿ ಕಾಯಿಲೆ ಇದ್ದವರು. ಡಪಾಗ್ಲಿಫ್ಲೋಜಿನ್ ಪ್ರಯೋಗ 2020ರದ್ದು, ಅದರಲ್ಲಿ ಶುಗರ್ ಇಲ್ಲದವರೂ ಇದ್ದರು, ಅವರಿಗೂ ಲಾಭ ಆಯಿತು. ಆ ಮಾತ್ರೆ ತರುವ ನಾಳದ ಕಡೆಯಿಂದ ಒತ್ತಡ ಇಳಿಸುತ್ತದೆ. ಆದರೆ ಅವರ ಎಸಿಆರ್ 200ರಿಂದ ಮೇಲೆ, ಇಜಿಎಫ್‌ಆರ್ 75 ಅಥವಾ ಅದಕ್ಕಿಂತ ಕಡಿಮೆ. ಗಲ್ಲಾದವರು ಎರಡರಲ್ಲೂ ಕೂರುವುದಿಲ್ಲ. ಮುಂದೆ ಬೇಕಾದರೆ ಡಾಕ್ಟರ್ ನಿರ್ಧರಿಸುತ್ತಾರೆ. ಇಂಜೆಕ್ಷನ್ ಶುರುವಾದಾಗ ವಾಂತಿ ಭೇದಿ ಆಗಿ ನೀರು ಒಣಗಿದರೆ ಕಿಡ್ನಿಗೇ ಪೆಟ್ಟು, ಅದೂ ನೆನಪಿರಲಿ. ಸಾಂಬಾರ್ ಬಿಡಿ ಅಂತ ಯಾರು ಹೇಳಿದರು? ಬಕೆಟ್ ಬಿಡಿ ಅಂದೆ.

ಗಲ್ಲಾದವ, ಡೊಂಬಿವಲಿ

ಡಿಕ್ಲೋಫೆನಾಕ್ ಪಟ್ಟಿ ಗಲ್ಲಾ ಡ್ರಾಯರಿನಿಂದ ತೆಗೆದೆ. ಸೊಂಟಕ್ಕೆ ಫಿಸಿಯೋ ಹತ್ತಿರ ಹೋಗುವುದು ಅಂತ ಆಗಿದೆ. ಹುಡುಗರು ನನ್ನ ಪಲ್ಯ ಬೇರೆ ತೆಗೆದಿಡುತ್ತಾರೆ, ‘ಶೇಟ್‌ಜಿಯ ಆಸ್ಪತ್ರೆ ಪಲ್ಯ’ ಅಂತ ಹೆಸರು ಬಿದ್ದಿದೆ.

ಕೊನೆಯ ಪ್ರಶ್ನೆ. ಎಸಿಆರ್‌ಗೆ ಬೆಳಗ್ಗೆ ಮೊದಲ ಮೂತ್ರವೇ ಬೇಕು ಅಂತ ಲ್ಯಾಬಿನವರು ಅಂದರು. ಲ್ಯಾಬ್ ತೆರೆಯುವುದು ಏಳಕ್ಕೆ. ಬೆಳಗಿನ ಪಾಳಿಯ ದಿನ ನಾನು ನಾಲ್ಕಕ್ಕೇ ಎದ್ದು ಹೋಗಿರುತ್ತೇನೆ. ಏನು ಮಾಡುವುದು?

ಹಡಪ್ಸರ್ ಅಕ್ಕ, ಪುಣೆ

ರಾತ್ರಿ ಪಾಳಿಯ ಮರುದಿನ ಇಟ್ಟುಕೊಳ್ಳಿ, ಎದ್ದ ಮೇಲಿನ ಮೊದಲ ಮೂತ್ರ ಆರಾಮಾಗಿ ಕೊಡಬಹುದು. ಶುರುವಿನದು ಸ್ವಲ್ಪ ಬಿಟ್ಟು ನಡುವಿನದು ಹಿಡಿಯಿರಿ. ಹಾಗೂ ಆಗದಿದ್ದರೆ ಹಗಲಿನ ಯಾವುದೋ ಹೊತ್ತಿನದು ಕೊಟ್ಟರೂ ನಡೆಯುತ್ತದೆ, ಅದರಲ್ಲಿ ಜಾಸ್ತಿ ಬಂದರೆ ಬೆಳಗಿನದು ನೋಡಿ ಖಚಿತ ಮಾಡುತ್ತಾರೆ. ಹಿಂದಿನ ದಿನ ಜೋರಾಗಿ ಬೆವರುವ ವ್ಯಾಯಾಮ ಬೇಡ, ಜ್ವರ ಇದ್ದರೆ ಮುಂದೂಡಿ.

ಅದಕ್ಕೂ ಮೊದಲು ಮಾತ್ರೆ ಶುರುವಾದ ಮೇಲಿನ ಕ್ರಿಯಾಟಿನಿನ್, ಪೊಟ್ಯಾಸಿಯಂ ಮಾಡಿಸುವುದು ಬಾಕಿ ಇದೆ, ಮರೆಯಬೇಡಿ. ರಿಪೋರ್ಟ್ ಇಲ್ಲೇ ಹಾಕಿ. ಪೊಟ್ಯಾಸಿಯಂ 5.5 ದಾಟಿದ್ದರೆ ಇಲ್ಲಿ ಹಾಕುವ ಮೊದಲು ಡಾಕ್ಟರಿಗೆ ಫೋನ್ ಮಾಡಿ.